ಸಂಕದ ಕೆಳಗಿನ ಹಳ್ಳ ಮತ್ತು ಬಹುಪದೋಕ್ತಿಗಳ ಅನುಕಲನ

(ಶಿರಸಿಯಲ್ಲಿ ಒಂದು ಮಳೆಗಾಲದ ಭಾನುವಾರ ಪಿಯು ಮಕ್ಕಳು ಮತ್ತು ಅವರ ಪಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಬೋರ್ಡ್ ಮೇಲೆ ಎಕ್ಸ್ ಎಂದು ಬರೆದದ್ದನ್ನು ಇಲ್ಲಿ ಕ್ಷ ಎಂದು ಬರೆದಿದ್ದೇನೆ. ಕ್ಷ-ಕಿರಣ ಎನ್ನುತ್ತೇವಲ್ಲ, ಅದೇ ಕ್ಷ.)

ಎಲ್ಲರಿಗೂ ನಮಸ್ಕಾರ. ಮಳೆ ಜೋರಾಗಿದೆ, ಮೇಲೆ ತಗಡಿನ ಮಾಡು ಬೇರೆ. ಮೈಕ್ ಇದೆ, ಕರೆಂಟ್ ಇಲ್ಲ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಇಲ್ಲವೇ ಮುಂದೆ ಬನ್ನಿ. ಗಣಿತದ ಭಾಷಣಕ್ಕೆ ಮುಂದಿನ ಸಾಲು ಯಾವಾಗಲೂ ಖಾಲಿ ಇರುತ್ತದೆ, ನನಗೆ ಅದು ಅಭ್ಯಾಸವಾಗಿದೆ.

ಇವತ್ತಿನ ವಿಷಯ ಪುಸ್ತಕದ ಕನ್ನಡದಲ್ಲಿ ಅನುಕಲನ. ಕ್ಲಾಸಿನಲ್ಲಿ ಎಲ್ಲರೂ ಹೇಳುವುದು ಇಂಟಿಗ್ರೇಷನ್. ಅದರಲ್ಲೂ ಬಹುಪದೋಕ್ತಿಗಳದ್ದು ಮಾತ್ರ. ಕ್ಷ, ಕ್ಷ², ಕ್ಷ³ ಇಂಥ ಪೂರ್ಣ ಘಾತಗಳು, ಒಂದೊಂದಕ್ಕೂ ಒಂದು ಗುಣಾಂಕ, ನಡುವೆ ಕೂಡು ಅಥವಾ ಕಳೆ. ಬಹುಪದೋಕ್ತಿ ಎಂದರೆ ಇಷ್ಟೇ. ಇಡೀ ಕಲನಶಾಸ್ತ್ರದಲ್ಲಿ ಇದಕ್ಕಿಂತ ಸಾಧು ಪ್ರಾಣಿ ಇಲ್ಲ. ಆದರೂ ನಮ್ಮ ಮಕ್ಕಳು ಇದರಲ್ಲೇ ಜಾಸ್ತಿ ಅಂಕ ಕಳೆದುಕೊಳ್ಳುತ್ತಾರೆ. ಯಾಕೆ ಅಂತ ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದ ಮೇಲೆ ನನಗೊಂದು ಅಂದಾಜು ಸಿಕ್ಕಿದೆ. ಸೂತ್ರ ಎಲ್ಲರಿಗೂ ಬಾಯಿಪಾಠ. ಅದು ಯಾವುದನ್ನು ಕೂಡಿಸುತ್ತಿದೆ ಎನ್ನುವುದು ಮಾತ್ರ ಗೊತ್ತಿರುವುದಿಲ್ಲ.

ಹಾಗಾಗಿ ಸೂತ್ರವನ್ನು ಆಮೇಲೆ ನೋಡೋಣ. ಮೊದಲು ಹಳ್ಳಕ್ಕೆ ಹೋಗೋಣ.

ನಮ್ಮ ಮನೆಯ ದಾರಿಯಲ್ಲಿ ಒಂದು ಹಳ್ಳ ಇದೆ. ಅದರ ಮೇಲೆ ಅಡಿಕೆ ದಬ್ಬೆಯ ಸಂಕ, ಅಂದರೆ ಕಾಲುಸೇತುವೆ. ನೀರಿನ ಅಗಲ 6 ಮೀಟರ್ ಎಂದಿಟ್ಟುಕೊಳ್ಳಿ. ಸಂಕದ ಮೇಲೆ ನಿಂತು ಒಂದೊಂದು ಮೀಟರಿಗೂ ಬಿದಿರಿನ ಗಳ ಇಳಿಸಿ ಆಳ ನೋಡಿದೆವು. ದಡದಲ್ಲಿ ಸೊನ್ನೆ. ಆಮೇಲೆ 50 ಸೆಂಟಿಮೀಟರ್, 80, ಸರೀ ನಡುವೆ 90, ಮತ್ತೆ 80, 50, ಆಚೆ ದಡದಲ್ಲಿ ಸೊನ್ನೆ. ಲೆಕ್ಕ ಸುಲಭವಾಗಲಿ ಅಂತ ಈ ಅಂಕಿಗಳನ್ನು ನಾನೇ ಸ್ವಲ್ಪ ನಯ ಮಾಡಿದ್ದೇನೆ. ನಿಜವಾದ ಹಳ್ಳ ಇಷ್ಟು ಸಭ್ಯವಾಗಿರುವುದಿಲ್ಲ.

ಈಗ ಪ್ರಶ್ನೆ: ಆ ಹಳ್ಳವನ್ನು ಸಂಕದ ನೇರಕ್ಕೆ ಅಡ್ಡ ಕೊಯ್ದರೆ ನೀರಿನ ವಿಸ್ತೀರ್ಣ ಎಷ್ಟು? ಯಾರೂ ಕಲಿಸದಿದ್ದರೂ ನೀವು ಏನು ಮಾಡುತ್ತೀರಿ ಗೊತ್ತಾ? ಒಂದೊಂದು ಮೀಟರ್ ಅಗಲದ ಆರು ಪಟ್ಟಿ ಮಾಡುತ್ತೀರಿ. ಪ್ರತಿ ಪಟ್ಟಿಗೆ ಅದರ ಎರಡು ಬದಿಯ ಆಳಗಳ ಸರಾಸರಿ ಹಿಡಿಯುತ್ತೀರಿ. ಆರನ್ನೂ ಕೂಡಿಸಿದರೆ 3.5 ಚದರ ಮೀಟರ್. ಪಟ್ಟಿಯನ್ನು ಅರ್ಧ ಮೀಟರಿಗೆ ಇಳಿಸಿ, 3.575 ಬರುತ್ತದೆ. ಹತ್ತು ಸೆಂಟಿಮೀಟರಿಗೆ ಇಳಿಸಿದರೆ 3.599. ಎಲ್ಲಿಗೋ ಹೋಗಿ ನಿಲ್ಲುವ ಹಾಗೆ ಕಾಣುತ್ತದೆ, ಅಲ್ವಾ? 3.6ಕ್ಕೆ. ಪಟ್ಟಿ ಎಷ್ಟು ಸಣ್ಣದಾದರೂ 3.6 ದಾಟುವುದಿಲ್ಲ, ಆದರೆ ಅದಕ್ಕೆ ಬೇಕಾದಷ್ಟು ಹತ್ತಿರ ಹೋಗುತ್ತದೆ. ಆ 3.6 ಎಂಬುದೇ ಅನುಕಲನದ ಉತ್ತರ. ಕೂಡಿಸುವ ಕೆಲಸ ಬಿಟ್ಟು ಇಲ್ಲಿ ಬೇರೇನೂ ನಡೆದಿಲ್ಲ.

∫ ಎಂಬ ಗುರುತು ಕೂಡ ಅದನ್ನೇ ಹೇಳುತ್ತದೆ. ಜರ್ಮನಿಯ ಲೈಬ್ನಿಟ್ಸ್ 1675ರ ಅಕ್ಟೋಬರ್ 29ರಂದು ತನ್ನ ಟಿಪ್ಪಣಿಯಲ್ಲಿ ಇದನ್ನು ಮೊದಲು ಬರೆದ. ಲ್ಯಾಟಿನ್‌ನಲ್ಲಿ ಮೊತ್ತಕ್ಕೆ 'ಸುಮ್ಮಾ' ಎನ್ನುತ್ತಾರೆ. ಅದರ ಮೊದಲ ಅಕ್ಷರವನ್ನೇ ಆಗಿನ ಕಾಲದ ಉದ್ದ ಬರವಣಿಗೆಯಲ್ಲಿ ಎಳೆದಿದ್ದಾನೆ. ಹಾವಿನ ಹಾಗೆ ಕಾಣುತ್ತದೆ ಅಂತ ಹೆದರಬೇಡಿ, ಅದು 'ಕೂಡಿಸು' ಎಂಬ ಮಾತಿನ ಸಂಕ್ಷೇಪ. ಕೊನೆಗೆ ಬರುವ ಡಿಕ್ಷ ಎಂಬುದು ಪಟ್ಟಿಯ ಸಣ್ಣ ಅಗಲ. ಆಳ ಗುಣಿಸು ಅಗಲ, ಎಲ್ಲವನ್ನೂ ಕೂಡಿಸು. ಡಿಕ್ಷ ಬರೆಯದೆ ಬಿಡುವ ಮಕ್ಕಳು ಹಳ್ಳದ ಅಗಲವನ್ನೇ ಬಿಟ್ಟ ಹಾಗೆ.

ಸರಿ, ಸೂತ್ರಕ್ಕೆ ಬರೋಣ. ಘಾತಕ್ಕೆ ಒಂದು ಕೂಡಿಸು, ಬಂದ ಹೊಸ ಘಾತದಿಂದ ಭಾಗಿಸು. ಕ್ಷ ಇದ್ದರೆ ಕ್ಷ²/2. ಕ್ಷ² ಇದ್ದರೆ ಕ್ಷ³/3. ಕ್ಷ³ ಇದ್ದರೆ ಕ್ಷ⁴/4. ಅವಕಲನ, ಅಂದರೆ ಇದರ ಉಲ್ಟಾ ಕೆಲಸವಾದ ಡಿಫರೆನ್ಷಿಯೇಷನ್, ಕಲಿತವರು ಇದನ್ನು ಕ್ಷಣದಲ್ಲಿ ತಾಳೆ ನೋಡಬಹುದು. ಕ್ಷ³/3 ಅನ್ನು ಅವಕಲಿಸಿ, 3 ಕೆಳಗಿಳಿದು ಕೆಳಗಿನ 3 ಜೊತೆ ಹೊಡೆದುಹೋಗಿ ಕ್ಷ² ಉಳಿಯುತ್ತದೆ.

ಆದರೆ ಈ ಮೂರನೇ ಒಂದು ಎಲ್ಲಿಂದ ಬಂತು ಎಂದು ಕೈಯಲ್ಲಿ ಹಿಡಿದು ನೋಡಬೇಕು ಅಂತ ನನಗೆ ಬಹಳ ವರ್ಷದಿಂದ ಆಸೆ. ಒಂದು ದಿನ ಅಡುಗೆಮನೆಯಲ್ಲಿ ಸುವರ್ಣಗೆಡ್ಡೆ ಸಿಕ್ಕಿತು. ಅದನ್ನು ಸರಿಯಾದ ಘನಾಕಾರಕ್ಕೆ ಕತ್ತರಿಸಿಕೊಂಡೆ. ಒಂದು ಮೂಲೆಯನ್ನು ತುದಿ ಅಂತ ಇಟ್ಟುಕೊಂಡೆ. ಆ ಮೂಲೆಯನ್ನು ಮುಟ್ಟದ ಮುಖಗಳು ಮೂರು. ಮೂಲೆಯಿಂದ ಆ ಒಂದೊಂದು ಮುಖಕ್ಕೂ ಹೋಗುವ ಹಾಗೆ ಕೊಯ್ದರೆ ಮೂರು ಓರೆ ಪಿರಮಿಡ್ ಸಿಗುತ್ತವೆ. ಮೂರೂ ಒಂದೇ ಆಕಾರ, ಒಂದೇ ಅಳತೆ. ಮೂರನ್ನೂ ಜೋಡಿಸಿದರೆ ಮತ್ತೆ ಘನ. ಅಂದರೆ ಒಂದು ಪಿರಮಿಡ್ ಘನದ ಮೂರನೇ ಒಂದು ಪಾಲು. ಈಗ ಆ ಪಿರಮಿಡನ್ನು ತುದಿಯಿಂದ ಬುಡದವರೆಗೆ ತೆಳ್ಳಗೆ ಹೆಚ್ಚಿ. ತುದಿಯಿಂದ ಕ್ಷ ದೂರದಲ್ಲಿ ಸಿಗುವ ಹೋಳು ಕ್ಷ ಬದಿಯ ಚೌಕ, ಅದರ ವಿಸ್ತೀರ್ಣ ಕ್ಷ². ಎಲ್ಲ ಹೋಳುಗಳ ಮೊತ್ತ, ಅಂದರೆ ಸೊನ್ನೆಯಿಂದ ಒಂದರವರೆಗೆ ಕ್ಷ² ಅನುಕಲನ, ಮೂರನೇ ಒಂದು. ಪ್ರಯೋಗ ಯಶಸ್ವಿಯಾಯಿತು. ಕೈ ಮಾತ್ರ ಸಂಜೆಯವರೆಗೆ ತುರಿಸುತ್ತಿತ್ತು. ಗೆಡ್ಡೆ ರಾತ್ರಿ ಹುಳಿಗೆ ಬಿತ್ತು, ಮನೆಯಾಕೆ "ಇನ್ನು ಕ್ಷ³ಗೆ ಏನು ತರಬೇಕು?" ಎಂದು ಕೇಳಿದಳು.

ಕ್ಷ³ಗೆ ನಾಲ್ಕು ಆಯಾಮ ಬೇಕು, ಅದು ಶಿರಸಿ ಸಂತೆಯಲ್ಲಿ ಸಿಗುವುದಿಲ್ಲ. ಅಲ್ಲಿ ಬೇರೆ ದಾರಿ ಹಿಡಿಯಬೇಕು. ಈ ದಾರಿಯನ್ನು ನಮ್ಮ ಪಶ್ಚಿಮ ಕರಾವಳಿಯಲ್ಲೇ, ಸ್ವಲ್ಪ ದಕ್ಷಿಣಕ್ಕೆ, ನಡೆದು ತೋರಿಸಿದವರಿದ್ದಾರೆ. 1 + 4 + 9 ಹೀಗೆ ವರ್ಗಗಳನ್ನು ಕೂಡುತ್ತಾ ಹೋಗಿ. ಚೌಕ ಕಲ್ಲುಗಳನ್ನು ಮೇಲಿಂದ ಕೆಳಗೆ 1, 4, 9 ಎಂದು ಪೇರಿಸಿದ ಹಾಗೆ. ಹತ್ತು ಪದರ ಆದರೆ 385 ಕಲ್ಲು. ಹತ್ತರ ಘನ 1000, ಅದರ ಜೊತೆ ಹೋಲಿಸಿದರೆ 0.385. ನೂರು ಪದರ ಆದರೆ 3,38,350 ಕಲ್ಲು, ನೂರರ ಘನದ ಜೊತೆ ಹೋಲಿಸಿದರೆ 0.33835. ಸಾವಿರ ಪದರಕ್ಕೆ 0.3338335. ಮೂರನೇ ಒಂದಕ್ಕೆ ಹೇಗೆ ಅಂಟಿಕೊಳ್ಳುತ್ತಿದೆ ನೋಡಿ. ವರ್ಗಗಳ ಮತ್ತು ಘನಗಳ ಮೊತ್ತದ ಸೂತ್ರಗಳನ್ನು ಆರ್ಯಭಟ 499ರಲ್ಲೇ ಕೊಟ್ಟಿದ್ದ. ಕೇರಳದ ಜ್ಯೇಷ್ಠದೇವ ಸುಮಾರು 1530ರ ಹೊತ್ತಿಗೆ 'ಯುಕ್ತಿಭಾಷಾ' ಎಂಬ ಪುಸ್ತಕ ಬರೆದ, ಅದೂ ಸಂಸ್ಕೃತದಲ್ಲಲ್ಲ, ಮಲಯಾಳಂನಲ್ಲಿ. ಯಾವ ಘಾತವಾದರೂ ಸರಿ, ಸಂಖ್ಯೆಗಳು ಬಹಳ ಇದ್ದಾಗ ಮೊತ್ತವು ಒಂದು ಹೆಚ್ಚಿನ ಘಾತವನ್ನು ಆ ಹೊಸ ಘಾತದಿಂದಲೇ ಭಾಗಿಸಿದಷ್ಟು ಆಗುತ್ತದೆ ಎಂದು ಅದರಲ್ಲಿ ಕಾರಣ ಸಮೇತ ವಿವರಿಸಿದ್ದಾನೆ. ಅವರು ಈ ಮೊತ್ತಕ್ಕೆ ಇಟ್ಟ ಹೆಸರು ಸಂಕಲಿತ. ನಮ್ಮ ಒಂದನೇ ಕ್ಲಾಸಿನ ಸಂಕಲನ, ಪಿಯುಸಿಯ ಅನುಕಲನ ಎಲ್ಲ ಒಂದೇ ಮನೆಯ ಮಾತುಗಳು. ಇಟಲಿಯ ಕವಲಿಯೇರಿ 1647ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂಬತ್ತನೇ ಘಾತದವರೆಗೆ ಒಂದೊಂದಾಗಿ ಲೆಕ್ಕ ಹಾಕಿದ. ಒಂಬತ್ತು ಸಲ ಒಂದೇ ಉತ್ತರದ ಮಾದರಿ ಬಂದ ಮೇಲೆ ನಾನಾದರೆ ಮೂರಕ್ಕೇ ನಿಲ್ಲಿಸಿ ಚಾ ಕುಡಿಯುತ್ತಿದ್ದೆ.

ಈಗ ಒಂದು ಲೆಕ್ಕ ಮಾಡೋಣ. 6ಕ್ಷ² − 4ಕ್ಷ + 7. ಕೂಡು-ಕಳೆ ಇದ್ದಲ್ಲಿ ಪದ ಪದವಾಗಿ ಬಿಡಿಸಿಕೊಳ್ಳಬಹುದು. ಎರಡು ಹಳ್ಳ ಸೇರಿದರೆ ಒಟ್ಟು ನೀರು ಎರಡರ ಮೊತ್ತ, ಅಷ್ಟೇ ಸಹಜ. ಗುಣಾಂಕ ಹೊರಗೆ ಸುಮ್ನೆ ನಿಂತಿರುತ್ತದೆ, ಅದನ್ನು ಮುಟ್ಟಬೇಡಿ. ಮೊದಲ ಪದದಲ್ಲಿ ಕ್ಷ²ಗೆ ಕ್ಷ³/3, 6ರಿಂದ ಗುಣಿಸಿದರೆ 2ಕ್ಷ³. ಎರಡನೆಯದರಲ್ಲಿ ಕ್ಷಗೆ ಕ್ಷ²/2, ಕಳೆ 4ರಿಂದ ಗುಣಿಸಿದರೆ ಕಳೆ 2ಕ್ಷ². ಈಗ 7 ಬಂತು. ಇಲ್ಲಿ ಅರ್ಧ ಕ್ಲಾಸು ಸೊನ್ನೆ ಬರೆಯುತ್ತದೆ. ಅವಕಲನದಲ್ಲಿ ಒಂಟಿ ಸಂಖ್ಯೆ ಸೊನ್ನೆಯಾಗುತ್ತಿತ್ತು, ಆ ನೆನಪು ಬೆನ್ನು ಬಿಡುವುದಿಲ್ಲ. ಆದರೆ ಯೋಚಿಸಿ. ಆಳ ಎಲ್ಲ ಕಡೆಯೂ 7 ಇರುವ ಕಾಲುವೆಗೆ ವಿಸ್ತೀರ್ಣ ಸೊನ್ನೆ ಆಗುತ್ತದೆಯೇ? ಅಗಲ ಕ್ಷ ಇದ್ದರೆ 7ಕ್ಷ. ಹಾಗಾಗಿ ಉತ್ತರ 2ಕ್ಷ³ − 2ಕ್ಷ² + 7ಕ್ಷ. ಜೊತೆಗೆ ಒಂದು ಸ್ಥಿರಾಂಕ. ಪುಸ್ತಕದಲ್ಲಿ ಅದನ್ನು ಸಿ ಎಂದು ಬರೆಯುತ್ತಾರೆ.

ಈ ಸಿ ಬಗ್ಗೆ ನನ್ನದೊಂದು ಹಳೇ ದೂರಿದೆ. ನಾನು ಪಿಯು ಓದುವಾಗ ಸಿ ಬರೆಯದ್ದಕ್ಕೆ ಅಂಕ ಕತ್ತರಿಸಿದರು. ಯಾಕೆ ಬರೆಯಬೇಕು ಅಂತ ಕೇಳಿದೆ. "ಅದು ಹಾಗೇ" ಎಂಬ ಉತ್ತರ ಬಂತು. ಹಾಗೇ ಎಂದರೆ ಹೇಗೆ ಅಂತ ಕೇಳುವ ಧೈರ್ಯ ಆಗ ಇರಲಿಲ್ಲ. ಉತ್ತರ ಸಿಕ್ಕಿದ್ದು ಬಹಳ ವರ್ಷದ ನಂತರ ಮನೆಯ ಹಿಂದಿನ ಸಿಮೆಂಟ್ ಟಾಂಕಿಯ ಹತ್ತಿರ. ಬೆಟ್ಟದಿಂದ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ. ಮಳೆ ಏರಿದ ಹಾಗೆ ನೀರಿನ ವೇಗವೂ ಏರುತ್ತದೆ. ಗಂಟೆಗೆ 30ಕ್ಷ² + 40ಕ್ಷ + 100 ಲೀಟರ್ ಎಂದಿಟ್ಟುಕೊಳ್ಳಿ, ಇಲ್ಲಿ ಕ್ಷ ಎಂದರೆ ಮಳೆ ಶುರುವಾಗಿ ಕಳೆದ ಗಂಟೆಗಳು. ಅನುಕಲಿಸಿದರೆ 10ಕ್ಷ³ + 20ಕ್ಷ² + 100ಕ್ಷ. ಮೂರು ಗಂಟೆ ಆದ ಮೇಲೆ ಟಾಂಕಿಯಲ್ಲಿ ಎಷ್ಟು ನೀರಿದೆ ಹೇಳಿ? 270 + 180 + 300, ಅಂದರೆ 750 ಲೀಟರ್ ಎನ್ನುತ್ತೀರಿ. ತಪ್ಪು. ಬೆಳಿಗ್ಗೆಯೇ ಟಾಂಕಿಯಲ್ಲಿ 200 ಲೀಟರ್ ಇತ್ತು. ಈಗಿರುವುದು 950.

ಸಿ ಎಂದರೆ ಆ 200. ಪೈಪಿನ ವೇಗ ಎಷ್ಟು ನೋಡಿದರೂ ಟಾಂಕಿಯಲ್ಲಿ ಮೊದಲು ಏನಿತ್ತು ಅಂತ ಗೊತ್ತಾಗುವುದಿಲ್ಲ. ಒಳಗೆ ಬಗ್ಗಿ ನೋಡಬೇಕು. ಒಳಗೆ ಎಷ್ಟಿದೆ ಎಂಬುದನ್ನು ಬಿಟ್ಟು, ಮೂರು ಗಂಟೆಯಲ್ಲಿ ಬಂದದ್ದೆಷ್ಟು ಎಂದು ಮಾತ್ರ ಕೇಳಿದರೆ 950ರಲ್ಲಿ 200 ಕಳೆದು 750. ಮೊದಲಿದ್ದ ನೀರು ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ. ಇಲ್ಲಿಂದ ಇಲ್ಲಿಯವರೆಗೆ ಎಂದು ಮಿತಿ ಕೊಟ್ಟ ಅನುಕಲನದಲ್ಲಿ ಸಿ ಬರೆಯದಿರುವುದು ಇದಕ್ಕೇ. ನಿಶ್ಚಿತ, ಅನಿಶ್ಚಿತ ಎಂದು ಎರಡು ಅಧ್ಯಾಯ ಮಾಡಿ ಮಕ್ಕಳನ್ನು ಹೆದರಿಸುವ ಬದಲು ಒಂದು ಟಾಂಕಿ ತೋರಿಸಿದ್ದರೆ ಸಾಕಿತ್ತು.

ಇನ್ನು ನಮ್ಮ ಹಳ್ಳಕ್ಕೆ ವಾಪಸ್. ದಡದಿಂದ ಕ್ಷ ಮೀಟರ್ ದೂರದಲ್ಲಿ ಆಳ ಕ್ಷ(6 − ಕ್ಷ)/10. ಕ್ಷಗೆ 1 ಹಾಕಿ ನೋಡಿ, 5/10, ಸರಿಯಾಗಿ 50 ಸೆಂಟಿಮೀಟರ್. 3 ಹಾಕಿದರೆ 90. ಈಗ ಅನುಕಲಿಸುವ ಮೊದಲು ಒಂದು ಕೆಲಸ ಇದೆ, ಕಂಸ ಬಿಡಿಸಬೇಕು. ಗುಣಾಕಾರದಲ್ಲಿರುವ ಎರಡು ತುಂಡುಗಳನ್ನು ಬೇರೆ ಬೇರೆ ಅನುಕಲಿಸಿ ಆಮೇಲೆ ಗುಣಿಸಬಾರದು. ನಾನು ತಿದ್ದಿದ ಪತ್ರಿಕೆಗಳಲ್ಲಿ ಅತಿ ಹೆಚ್ಚು ಕೆಂಪು ಶಾಯಿ ಖರ್ಚಾದದ್ದು ಇಲ್ಲಿಯೇ. ಕೂಡು-ಕಳೆಯಲ್ಲಿ ಪದ ಪದವಾಗಿ ಹೋಗಬಹುದು ಎಂದೆನಲ್ಲ, ಅದನ್ನು ಗುಣಾಕಾರಕ್ಕೂ ಎಳೆದುಬಿಡುತ್ತಾರೆ. (ಕ್ಷ + 1)(3ಕ್ಷ − 5) ಅನ್ನು ಸೊನ್ನೆಯಿಂದ 2ರವರೆಗೆ ಮಾಡಿ ನೋಡಿ. ಬಿಡಿಸಿದರೆ 3ಕ್ಷ² − 2ಕ್ಷ − 5, ಅನುಕಲಿಸಿದರೆ ಕ್ಷ³ − ಕ್ಷ² − 5ಕ್ಷ, 2 ಹಾಕಿದರೆ 8 − 4 − 10, ಅಂದರೆ ಕಳೆ 6. ತುಂಡು ಮಾಡಿ ಗುಣಿಸಿದವರಿಗೆ ಬರುವುದು 4 ಗುಣಿಸು ಕಳೆ 4, ಅಂದರೆ ಕಳೆ 16. ಹತ್ತು ವ್ಯತ್ಯಾಸ. ಅನುಕಲನದ ತಪ್ಪು ಎಂದು ನಾವು ಬೈಯುವುದರಲ್ಲಿ ಬಹುಪಾಲು ಒಂಬತ್ತನೇ ಕ್ಲಾಸಿನ ಬೀಜಗಣಿತದ ತಪ್ಪು.

ಹಳ್ಳದ್ದನ್ನು ಬಿಡಿಸಿದರೆ (6ಕ್ಷ − ಕ್ಷ²)/10. ಅನುಕಲಿಸಿದರೆ (3ಕ್ಷ² − ಕ್ಷ³/3)/10. ಕ್ಷಗೆ 6 ಹಾಕಿ. 3 ಗುಣಿಸು 36 ಅಂದರೆ 108. 216ರ ಮೂರನೇ ಒಂದು 72. ಕಳೆದರೆ 36, ಹತ್ತರಿಂದ ಭಾಗಿಸಿದರೆ 3.6. ಸೊನ್ನೆ ಹಾಕಿದರೆ ಸೊನ್ನೆ. ಉತ್ತರ 3.6 ಚದರ ಮೀಟರ್. ಪಟ್ಟಿ ಕತ್ತರಿಸಿ ಕತ್ತರಿಸಿ ಎಲ್ಲಿಗೆ ಹೋಗುತ್ತಿದ್ದೆವೋ ಅಲ್ಲಿಗೆ ನಾಲ್ಕು ಸಾಲಿನಲ್ಲಿ ಬಂದೆವು.

ಇನ್ನೊಂದು ನೋಡಿ. ಹಳ್ಳದ ಸುತ್ತ ಆಯತ ಹಾಕಿದರೆ 6 ಗುಣಿಸು 0.9, ಅಂದರೆ 5.4. ನಮ್ಮ 3.6 ಅದರ ಮೂರನೇ ಎರಡು. ಈ ಆಕಾರದ ಹೆಸರು ಪರವಲಯ. ಅದು ಆಯತದ ಮೂರನೇ ಎರಡು ಪಾಲು ತುಂಬುತ್ತದೆ ಎಂಬುದು ಕ್ರಿಸ್ತಪೂರ್ವ ಮೂರನೇ ಶತಮಾನದ ಆರ್ಕಿಮಿಡೀಸ್‌ಗೆ ಗೊತ್ತಿತ್ತು. ಅವನ ಹತ್ತಿರ ನಮ್ಮ ಸೂತ್ರ ಇರಲಿಲ್ಲ. ಒಳಗೆ ತ್ರಿಕೋನ ತುಂಬಿಸಿ, ಉಳಿದ ಸಂದಿಗಳಲ್ಲಿ ಮತ್ತೆ ತ್ರಿಕೋನ ತುಂಬಿಸಿ ಸಾಧಿಸಿದ.

ಒಬ್ಬ ಪಾಲಕರು ಆಗಲೇ ಮುಖ ಮಾಡುತ್ತಿದ್ದಾರೆ, ಈ ವಿಸ್ತೀರ್ಣ ತಗೊಂಡು ಏನು ಮಾಡುವುದು ಅಂತ. ಒಂದು ಒಣ ತೆಂಗಿನಕಾಯಿ ಹಳ್ಳಕ್ಕೆ ಬಿಡಿ. ಹತ್ತು ಮೀಟರ್ ಹೋಗಲು 20 ಸೆಕೆಂಡ್ ತಗೊಂಡರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದಲ್ಲಿ, ದಡದಲ್ಲಿ ನೀರು ನಿಧಾನ, ಅದಕ್ಕೆ ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ, 0.425. ವಿಸ್ತೀರ್ಣದಿಂದ ಗುಣಿಸಿ, ಸೆಕೆಂಡಿಗೆ 1.53 ಘನ ಮೀಟರ್, ಅಂದರೆ 1530 ಲೀಟರ್. ತೋಟಕ್ಕೆ ಕಟ್ಟ ಹಾಕುವವರಿಗೆ ಇದು ಬೇಕಾದ ಲೆಕ್ಕವೇ.

ಈ ಊರಿನ ಶಂಕರಹೊಂಡದಿಂದ ಹೊರಟ ನೀರು ಅಘನಾಶಿನಿ ಸೇರಿ ಉಂಚಳ್ಳಿಯಲ್ಲಿ ಧುಮುಕಿ ತದಡಿಯ ಹತ್ತಿರ ಸಮುದ್ರ ಮುಟ್ಟುತ್ತದೆ. ಅಲ್ಲಿ ಲೆಕ್ಕ ಬೇರೆ ಥರ. ಕುಮಟಾ ಕಡೆಯವರು ಇದ್ದರೆ ಗಜನಿ ಗದ್ದೆ ನೆನಪಿಸಿಕೊಳ್ಳಿ. ಭರತದಲ್ಲಿ ಕಟ್ಟೆಯ ಬಾಗಿಲಿನಿಂದ ಉಪ್ಪುನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ಒಳಗೆ ಬರುವುದನ್ನು ಕೂಡು, ಹೊರಗೆ ಹೋಗುವುದನ್ನು ಕಳೆ ಎಂದು ಹಿಡಿಯೋಣ. ನೀರಿನ ಹರಿವು ಕ್ಷ³ − 9ಕ್ಷ² + 18ಕ್ಷ ಎಂದಿಟ್ಟುಕೊಳ್ಳೋಣ, ಕ್ಷ ಇಲ್ಲಿ ಸಮಯ, ಎರಡು ಗಂಟೆಗೆ ಒಂದರಂತೆ ಸೊನ್ನೆಯಿಂದ 6ರವರೆಗೆ. ನಿಜವಾದ ಭರತ-ಇಳಿತ ಬಹುಪದೋಕ್ತಿಯ ಮಾತು ಕೇಳುವುದಿಲ್ಲ, ಆಕಾರ ಮಾತ್ರ ಸುಮಾರು ಹೀಗಿರುತ್ತದೆ. ಅನುಕಲಿಸಿದರೆ ಕ್ಷ⁴/4 − 3ಕ್ಷ³ + 9ಕ್ಷ². 6 ಹಾಕಿದರೆ 324 − 648 + 324. ಸೊನ್ನೆ!

ಹುಡುಗರು ಇಲ್ಲಿ ತಪ್ಪು ಮಾಡಿದೆವು ಅಂತ ಹೊಡೆದುಹಾಕುತ್ತಾರೆ. ತಪ್ಪಿಲ್ಲ. ಬಂದಷ್ಟೂ ಹೋಯಿತು. ಆದರೆ ಬಾಗಿಲಿನಲ್ಲಿ ಒಟ್ಟು ಎಷ್ಟು ನೀರು ಓಡಾಡಿತು ಎಂದು ಕೇಳಿದರೆ ಸೊನ್ನೆ ಎನ್ನಲಾಗದು. ಹರಿವು ದಿಕ್ಕು ಬದಲಿಸುವ ಜಾಗ ಹುಡುಕಬೇಕು, ಅದು 3. ಸೊನ್ನೆಯಿಂದ 3ರವರೆಗೆ 20.25 ಒಳಗೆ, 3ರಿಂದ 6ರವರೆಗೆ 20.25 ಹೊರಗೆ. ಓಡಾಡಿದ್ದು 40.5. ಪರೀಕ್ಷೆಯಲ್ಲಿ 'ಅನುಕಲಿಸಿ' ಎಂದಿದ್ದರೆ ಸೊನ್ನೆ, 'ವಿಸ್ತೀರ್ಣ ಕಂಡುಹಿಡಿಯಿರಿ' ಎಂದಿದ್ದರೆ 40.5. ಪ್ರಶ್ನೆಯನ್ನು ಎರಡು ಸಲ ಓದಿ.

ನಮ್ಮ ಸೂತ್ರ ಒಂದೇ ಕಡೆ ಕೈ ಕೊಡುತ್ತದೆ. 1/ಕ್ಷ ಅನ್ನು ಹಾಕಿದರೆ ಘಾತ ಕಳೆ 1, ಒಂದು ಕೂಡಿದರೆ ಸೊನ್ನೆ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಲ್ಲಿ ಲಾಗರಿದಮ್ ಬರುತ್ತದೆ. ಅದು ಬಹುಪದೋಕ್ತಿ ಅಲ್ಲ, ಇವತ್ತು ಅದನ್ನು ಕರೆದಿಲ್ಲ.

ನನ್ನ ಮಾತು ಮುಗಿಯುವ ಹೊತ್ತಿಗೆ ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮನೆ ಹಳ್ಳದಲ್ಲಿ ಬರೀ ಬಂಡೆ. ಕ್ಷ(6 − ಕ್ಷ)/10 ಅಂತ ಯಾರೂ ಬರೆದಿಟ್ಟಿಲ್ಲ. ಬಹುಪದೋಕ್ತಿ ಎಲ್ಲಿಂದ ತರೋದು?"

ಇಡೀ ಸಭೆಯಲ್ಲಿ ಒಳ್ಳೆಯ ಪ್ರಶ್ನೆ ಅದೇ ಆಗಿತ್ತು. ಅವಳಿಗೆ ಹೇಳಿದ್ದು ಇಷ್ಟು. ಮೂರು ಆಳ ಸಿಕ್ಕರೆ ಅವುಗಳ ಮೂಲಕ ಒಂದು ಪರವಲಯ ಎಳೆಯಬಹುದು. ಅದರ ವಿಸ್ತೀರ್ಣಕ್ಕೆ ಅನುಕಲನವನ್ನು ಒಂದು ಸಲ ಮಾಡಿ ಇಟ್ಟಿದ್ದಾರೆ: ಮೊದಲ ಆಳ, ನಡುವಿನ ಆಳದ ನಾಲ್ಕು ಪಟ್ಟು, ಕೊನೆಯ ಆಳ, ಮೂರನ್ನೂ ಕೂಡಿ, ಅಳತೆಗಳ ನಡುವಿನ ಅಂತರದ ಮೂರನೇ ಒಂದರಿಂದ ಗುಣಿಸು. ಇದಕ್ಕೆ ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಸಿಂಪ್ಸನ್ ಹೆಸರಿದೆ. ಅವನಿಗಿಂತ ಮೊದಲೇ, 1615ರಲ್ಲಿ, ಕೆಪ್ಲರ್ ವೈನ್ ಪೀಪಾಯಿಗಳಲ್ಲಿ ಎಷ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕುತ್ತ ಒಂದು ಪುಸ್ತಕವನ್ನೇ ಬರೆದ, ಈ ಉಪಾಯ ಅವನಿಗೂ ಗೊತ್ತಿತ್ತು. ನಮ್ಮ ಹಳ್ಳಕ್ಕೇ ಹಾಕಿ ನೋಡಿ. ಆಳ 0, 0.9, 0, ಅಂತರ 3 ಮೀಟರ್. 3.6 ಗುಣಿಸು 1. ಮೂರೇ ಸಲ ಗಳ ಇಳಿಸಿ ಸರಿಯಾದ ಉತ್ತರ ಬಂತು.

ಬಂಡೆ ಇರುವ ಹಳ್ಳಕ್ಕೆ ಐದು ಅಳತೆ ತಗೋ, ಎರಡು ಪರವಲಯ ಸಿಗುತ್ತವೆ ಎಂದೆ. ಅವಳು ಅಲ್ಲೇ ನೋಟ್ ಪುಸ್ತಕದಲ್ಲಿ ಅಂದಾಜಿನ ಅಂಕಿ ಬರೆದಳು. 0, 70, 110, 60, 0 ಸೆಂಟಿಮೀಟರ್, ಅಂತರ ಒಂದೂವರೆ ಮೀಟರ್. ನಡುವಿನ 110 ಎರಡು ಪರವಲಯಕ್ಕೂ ಸೇರುತ್ತದೆ, ಹಾಗಾಗಿ ಅದಕ್ಕೆ ಎರಡು ಪಟ್ಟು. 70 ಮತ್ತು 60ಕ್ಕೆ ನಾಲ್ಕು ಪಟ್ಟು. ಒಟ್ಟು 7.4, ಅದರ ಅರ್ಧ 3.7 ಚದರ ಮೀಟರ್. ನಾನು ಹೇಳುವ ಮೊದಲೇ ಅವಳೇ ಹೇಳಿದಳು.

"ಹಾಗಾದ್ರೆ ನಾಳೆನೇ ಗಳ ಹಿಡ್ಕೊಂಡು ಹೋಗ್ತೆ ಸರ್" ಅಂದಳು.

"ಬೇಡ ತಂಗಿ. ಈಗ ಸಂಕ ಪಾಚಿಗಟ್ಟಿ ಜಾರುತ್ತಿರುತ್ತದೆ, ನೀರೂ ಕೆಂಪಗಿದೆ. ನವರಾತ್ರಿ ಕಳೆಯಲಿ. ಹೋಗುವಾಗ ಅಪ್ಪನನ್ನೂ ಕರ್ಕೊಂಡು ಹೋಗು" ಎಂದೆ. ಅವಳ ಅಪ್ಪ ಪಕ್ಕದಲ್ಲೇ ಕೂತಿದ್ದರು. ತೆಂಗಿನಕಾಯಿ ಅವರೇ ತರುತ್ತಾರಂತೆ.